ಬದುಕಿದ್ದೇವೆಂಬುದಕ್ಕೆ ಪ್ರಮಾಣ

ಕಳೆದ ಸಂಚಿಕೆಯಲ್ಲಿ ನಾವು ಬೆಳಗಿನ ಐದು ಗಂಟೆಯ ನಲ್ಲಿಯ ನೀರಿನ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆವು. ಅದನ್ನೋದಿದ ವಾಚಕರೊಬ್ಬರು ಸಂಘದ ವಾರ್ಷಿಕೋತ್ಸವದ ದಿನ ಕಾಫಿಯ ಲೋಟ ಹಿಡಿದು ನಗುತ್ತ ಕೇಳಿದರು: “ಏನು ಸ್ವಾಮಿ, ದೇವರ ಮಾತು ಹೇಳಲು ನಿಮಗೆ ಕೊಳಾಯಿ, ಕೊಡ, ಲೋಕಲ್ ಗಾಡಿಗಳೇ ಬೇಕೆ? ಇದಕ್ಕಿಂತ ದೊಡ್ಡ ವಿಷಯ ಸಿಕ್ಕುವುದಿಲ್ಲವೆ?”

ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಉತ್ತರವೂ ಸಣ್ಣದೇ. ದೊಡ್ಡ ವಿಷಯಗಳನ್ನು ಹೇಳಲು ದೊಡ್ಡವರಿದ್ದಾರೆ, ನಾವು ಗುಮಾಸ್ತರು. ಅಲ್ಲದೆ ನಾವು ನಂಬಿದ ಗುರುವೇ ಈ ದಾರಿಯನ್ನು ತೋರಿಸಿದವನು. ಯೇಸುಸ್ವಾಮಿ ದೇವರ ರಾಜ್ಯ ಎಂಥದೆಂದು ಹೇಳಬೇಕಾದಾಗ ಮೂರು ಸೇರು ಹಿಟ್ಟಿನಲ್ಲಿ ಹುಳಿ ಬೆರೆಸಿಟ್ಟ ಹೆಂಗಸನ್ನು ತೋರಿಸಿದನು. ಕಳೆದುಹೋದವರನ್ನು ದೇವರು ಹುಡುಕುವ ಬಗೆಯನ್ನು ಹೇಳಬೇಕಾದಾಗ, ಹತ್ತು ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡು ದೀಪ ಹಚ್ಚಿ ಮನೆ ಗುಡಿಸಿದವಳನ್ನು ತೋರಿಸಿದನು. ಬಿತ್ತುವವನ ಬೀಜ, ಬೆಸ್ತರ ಬಲೆ, ಸಾಸಿವೆಯ ಕಾಳು, ಇವೇ ಅವನ ಪಾಠದ ಸಾಮಗ್ರಿ. ದೋಸೆಯ ಹಿಟ್ಟು ರಾತ್ರಿಯೆಲ್ಲ ಸದ್ದಿಲ್ಲದೆ ಉಬ್ಬುವುದನ್ನು ಕಂಡ ನಮ್ಮ ಗೃಹಿಣಿಯರಿಗೆ ಆ ಹುಳಿಯ ಸಾಮ್ಯಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬ ಸಾಧುವೊಬ್ಬನಿದ್ದನು. ಮೊದಲು ಸಿಪಾಯಿಯಾಗಿದ್ದು, ಯುದ್ಧದಲ್ಲಿ ಗಾಯಗೊಂಡು, ಆಮೇಲೆ ಮಠವನ್ನು ಸೇರಿದವನು. ಪಾಂಡಿತ್ಯವಿಲ್ಲದ ಅವನ ಪಾಲಿಗೆ ಬಂದದ್ದು ಅಡಿಗೆಮನೆ. ಆ ಕೆಲಸ ಅವನ ಸ್ವಭಾವಕ್ಕೆ ಒಗ್ಗುವಂಥದಾಗಿರಲಿಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆ, ನಾಲ್ಕು ಜನರ ಕೂಗಾಟದ ನಡುವೆ, ಪೂಜಾಮಂದಿರದಲ್ಲಿ ಮೊಣಕಾಲೂರಿದಾಗ ಇದ್ದಷ್ಟೇ ದೇವರ ಸನ್ನಿಧಿಯಲ್ಲಿರಲು ಅವನು ಅಭ್ಯಾಸಮಾಡಿಕೊಂಡನು. 1691ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಪತ್ರಗಳೂ ಅವನೊಡನೆ ನಡೆದ ಸಂಭಾಷಣೆಗಳೂ ಪುಸ್ತಕವಾಗಿ ಬಂದು, ಇಂದಿಗೂ ಲೋಕದಲ್ಲಿ ಓದಿಸಿಕೊಳ್ಳುತ್ತಿವೆ. ಕಾಯಕವನ್ನೇ ಪೂಜೆಯೆಂದು ತಿಳಿದ ಶರಣರ ನಾಡಿನಿಂದ ಬಂದ ನಮಗೆ ಇದು ಪರದೇಶದ ಮಾತಾಗಿ ಕೇಳಿಸುವುದೂ ಇಲ್ಲ.

ಆದರೆ ಇದನ್ನೆಲ್ಲ ಬರೆಯುವುದು ಸುಲಭ. ಕಚೇರಿಯ ಕಿಟಕಿಯ ಹಿಂದೆ ಕುಳಿತು ನೆನಪಿಡುವುದು ಕಷ್ಟ. ಈ ಸಲ ಹೇಳಬೇಕೆಂದಿರುವುದು ನಮ್ಮದೇ ಒಂದು ತಪ್ಪಿನ ಕತೆ.

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ತಿಂಗಳಿನಲ್ಲಿ, ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. 2014ರ ನವೆಂಬರಿನಲ್ಲಿ ‘ಜೀವನ್ ಪ್ರಮಾಣ್’ ಯೋಜನೆ ಬಂದಂದಿನಿಂದ ಯಂತ್ರದ ಮೇಲೆ ಬೆರಳಿಟ್ಟರೂ ಸಾಕು. ಬೆರಳಿನ ಗೆರೆಗಳನ್ನು ಯಂತ್ರ ಓದಿ, ಇಂಥವರು ಇದ್ದಾರೆಂದು ಒಪ್ಪಿಕೊಳ್ಳುತ್ತದೆ. ಆ ತಿಂಗಳು ನಮ್ಮ ಕಿಟಕಿಯ ಮುಂದೆ ಊರುಗೋಲುಗಳ ಸಾಲೇ ಇರುತ್ತದೆ.

ಅಂಥ ಒಂದು ದಿನ ಮಧ್ಯಾಹ್ನ ಒಂದಕ್ಕೆ ಐದು ನಿಮಿಷವಿರುವಾಗ ಮುದುಕಿಯೊಬ್ಬರು ಬಂದರು. ಗಂಡ ಯಾವುದೋ ಕಚೇರಿಯಲ್ಲಿ ಜವಾನರಾಗಿದ್ದು ತೀರಿಕೊಂಡವರು. ಇವರಿಗೆ ಬರುವುದು ಕುಟುಂಬ ಪಿಂಚಣಿ. ಬೆರಳಿಟ್ಟರು, ಯಂತ್ರ ಒಪ್ಪಲಿಲ್ಲ. ಬೆರಳೊರೆಸಿ ಮತ್ತೆ ಇಟ್ಟರು, ಒಪ್ಪಲಿಲ್ಲ. ಹತ್ತು ಬೆರಳೂ ಆಯಿತು. ವಯಸ್ಸಾದವರಲ್ಲಿ, ಅದರಲ್ಲೂ ಕೈದುಡಿಮೆಯವರಲ್ಲಿ, ಬೆರಳ ಗೆರೆಗಳು ಸವೆದುಹೋಗಿರುತ್ತವೆ. ಅವರು ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತ ಯಾರಿಗೆಂದಿಲ್ಲದೆ, ಅಚ್ಚ ವಿಜಾಪುರದ ಕನ್ನಡದಲ್ಲಿ ಅಂದರು: “ಯಪ್ಪಾ, ನಾ ಇಲ್ಲೇ ನಿಂತೀನಲ್ಲ. ಈ ಮಶೀನಿಗೆ ಯಾಕ ಕಾಣವಲ್ದು?”

ವಾಚಕರೇ, ಊರು ಬಿಟ್ಟು ಬಂದ ನಮ್ಮಂಥವರಿಗೆ ಪರಊರಿನ ಜಂಗುಳಿಯಲ್ಲಿ ಕನ್ನಡದ ಒಂದು ಮಾತು ಕಿವಿಗೆ ಬಿದ್ದರೆ ಹೇಗಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ನಮಗೂ ಕೇಳಿಸಿತು. ಆದರೆ ಕನ್ನಡದಲ್ಲಿ ಒಂದು ಮಾತಾಡಿದರೆ ಹತ್ತು ಮಾತಾಗುತ್ತದೆ. ಕಾಗದದ ನಮೂನೆಯನ್ನು ನಾವೇ ತುಂಬಿ, ಅಧಿಕಾರಿಗಳ ಬಳಿಗೆ ನಾವೇ ಒಯ್ದು ರುಜು ಹಾಕಿಸಬೇಕಾಗುತ್ತದೆ. ಅಷ್ಟರಲ್ಲಿ ಊಟದ ಡಬ್ಬಿ ಆರಿಹೋಗುತ್ತದೆ. ಹೀಗೆಲ್ಲ ಲೆಕ್ಕಹಾಕಿ, ಮುಖವೆತ್ತದೆ ಮರಾಠಿಯಲ್ಲಿ “ನಾಳೆ ಬನ್ನಿ” ಎಂದು ಹೇಳಿ ಕಿಟಕಿ ಮುಚ್ಚಿದೆವು. ನಮ್ಮ ಕಡೆ ದೆವ್ವ ಒಳಗೆ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದುಂಟು. ನಾವು ಅದನ್ನು ತಾಯಿಯ ವಯಸ್ಸಿನ ಮನುಷ್ಯರಿಗೆ ಹೇಳಿದೆವು.

ಡಬ್ಬಿಯ ಅನ್ನ ಬಿಸಿಯಾಗಿಯೇ ಇತ್ತು. ಗಂಟಲಲ್ಲಿ ಮಾತ್ರ ಇಳಿಯಲಿಲ್ಲ.

ಆ ರಾತ್ರಿ ಮನೆಯಲ್ಲಿ ಕುಟುಂಬ ಪ್ರಾರ್ಥನೆಯ ಸರದಿ ನಮ್ಮದು. ಮಕ್ಕಳು ಕಣ್ಣು ಮುಚ್ಚಿ ಕಾದರು, ಬಾಯಿ ಏಳಲಿಲ್ಲ. ನೆನಪಿಗೆ ಬಂದವನು ಪೇತ್ರ. ಗುರುವನ್ನು ಹಿಡಿದೊಯ್ದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಅವನು ಕೆಂಡದ ಬೆಂಕಿಯ ಹತ್ತಿರ ಚಳಿ ಕಾಯಿಸಿಕೊಳ್ಳುತ್ತಿದ್ದನು. ಅಲ್ಲಿದ್ದವರು ಅವನನ್ನು ಗುರುತಿಸಿದ್ದು ಮಾತಿನಿಂದ. ಗಲಿಲಾಯದ ಧಾಟಿ ಅವನನ್ನು ಹಿಡಿದುಕೊಟ್ಟಿತು. ಆದರೂ ಅವನು ಆ ಮನುಷ್ಯನನ್ನು ಅರಿಯೆನೆಂದನು. ಅವನಾದರೂ ಪ್ರಾಣಭಯದಿಂದ ಹಾಗೆಂದನು. ನಮಗೆ ಯಾರ ಭಯವಿತ್ತು? ಅನ್ನ ಆರುವ ಭಯ! ಅವನ ಮಾತು ಅವನನ್ನು ಬಯಲಿಗೆಳೆಯಿತು; ನಾವು ನಮ್ಮ ಮಾತನ್ನೇ ಮುಚ್ಚಿಟ್ಟು ಪಾರಾದೆವು. ಮಕ್ಕಳ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿ, ಕ್ಷಮೆ ಬೇಡಿದೆವು. ಕಿರಿಯವಳು ಕಣ್ತೆರೆದು, “ಹಾಗಾದರೆ ನಾಳೆ ಆ ಅಜ್ಜಿ ಬಂದರೆ ಕನ್ನಡದಲ್ಲಿ ಮಾತಾಡುತ್ತೀರಲ್ಲ?” ಎಂದಳು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ತಿಂಗಳು ಮುಗಿಯುತ್ತ ಬಂದಿತ್ತು. ಮೇಲಧಿಕಾರಿಗಳ ಬಳಿಗೆ ಹೋಗಿ ನಡೆದುದನ್ನು ಒಪ್ಪಿಕೊಂಡೆವು. ಅವರು ಬೈಯಲಿಲ್ಲ, ಕಡತದಲ್ಲಿದ್ದ ಫೋನಿಗೆ ಮಾತಾಡಿಸಿದರು. ಅಂದು ಎರಡು ಗಾಡಿ ಬದಲಿಸಿ ಬಿಸಿಲಲ್ಲಿ ಬಂದುಹೋದವರು ಜ್ವರದಿಂದ ಮಲಗಿದ್ದಾರೆಂದು ನೆರೆಯವರಿಂದ ತಿಳಿಯಿತು. ರುಜು ಹಾಕುವ ಅಧಿಕಾರವಿದ್ದ ಒಬ್ಬರನ್ನು ಜೊತೆಮಾಡಿ ನಮ್ಮನ್ನು ಅವರ ಮನೆಗೇ ಕಳಿಸಿದರು.

ಒಂದೇ ಕೋಣೆಯ ಮನೆ. ಜ್ವರ ಬಿಟ್ಟು ಎದ್ದು ಕುಳಿತಿದ್ದರು. ನಾವು ಹೊಸ್ತಿಲಲ್ಲೇ ನಿಂತು ಕನ್ನಡದಲ್ಲಿ “ಅವ್ವಾ, ಹೇಗಿದ್ದೀರಿ?” ಎಂದೆವು. ಅವರು ದಿಟ್ಟಿಸಿ ನೋಡಿ, ಗುರುತು ಹಿಡಿದು, “ನೀವು ಕನ್ನಡದವರೇನು? ಅವತ್ತ ಯಾಕ ಮಾತಾಡಲಿಲ್ಲ?” ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ತಲೆ ತಗ್ಗಿಸಿ “ತಪ್ಪಾಯಿತು” ಎಂದಷ್ಟೇ ಹೇಳಿದೆವು. ಅವರು ಒಂದು ಗಳಿಗೆ ಸುಮ್ಮನಿದ್ದು, “ಇರಲಿ ಬಿಡ್ರಿ, ಕೆಲಸದ ಗಡಿಬಿಡಿ ಇದ್ದಿರಬೇಕು” ಎಂದು ನಮ್ಮ ಪರವಾಗಿ ತಾವೇ ಒಂದು ನೆಪ ಹುಡುಕಿಕೊಟ್ಟರು.

ಕಾಗದದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಗಂಡ ತೀರಿದ ಮೇಲೆ ನಾಲ್ಕು ಮನೆಯ ಪಾತ್ರೆ ತಿಕ್ಕಿ ಮಗಳ ಮದುವೆ ಮಾಡಿದ ಕತೆಯನ್ನು ಅವರು ಹೇಳುತ್ತಿದ್ದಾಗ, ಆ ಬೆರಳುಗಳ ಗೆರೆಗಳು ಎಲ್ಲಿ ಹೋದವೆಂಬುದು ತಿಳಿಯಿತು. ಹೊರಟವರನ್ನು ಬಿಡದೆ ಕೂರಿಸಿ, ಸೊಸೆಯಿಂದ ಜೋಳದ ರೊಟ್ಟಿ ತಟ್ಟಿಸಿದರು. ಹೆಂಚಿನ ಪಕ್ಕದಲ್ಲಿ ಕುಳಿತು ತಿನ್ನುತ್ತಿರುವಾಗ ಪೇತ್ರನ ಕತೆಯ ಇನ್ನರ್ಧ ನೆನಪಾಯಿತು. ಸತ್ತು ಎದ್ದುಬಂದ ಗುರು ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಬೆಂಕಿಯ ಮೇಲೆ ಮೀನಿಟ್ಟು, ರೊಟ್ಟಿಯನ್ನೂ ಸಿದ್ಧಮಾಡಿಕೊಂಡು ಕಾದಿದ್ದನು. ಒಂದು ಬೆಂಕಿಯ ಬಳಿ ಅರಿಯೆನೆಂದವನನ್ನು ಇನ್ನೊಂದು ಬೆಂಕಿಯ ಬಳಿ ಕರೆದು ಮೊದಲು ಊಟ ಹಾಕಿದನು. ಪ್ರೀತಿಸುತ್ತೀಯೋ ಎಂಬ ಪ್ರಶ್ನೆ ಆಮೇಲೆ ಬಂತು. ಯೋಹಾನನ ಸುವಾರ್ತೆಯಲ್ಲಿ ಇದನ್ನು ನಾವು ಎಷ್ಟೋ ಸಲ ಓದಿದ್ದೆವು. ಅದರ ರುಚಿ ತಿಳಿದದ್ದು ಆ ದಿನ.

ಅದೇ ಯೋಹಾನನ ಹೆಸರಿನ ಮೊದಲನೆಯ ಪತ್ರಿಕೆಯಲ್ಲಿ ಒಂದು ವಿಚಾರವಿದೆ. ನಾವು ಮರಣವನ್ನು ದಾಟಿ ಜೀವಕ್ಕೆ ಸೇರಿದ್ದೇವೆಂದು ತಿಳಿಯುವುದು ಜೊತೆಯವರನ್ನು ಪ್ರೀತಿಸುವುದರಿಂದ ಎಂದು ಅದರ ತಾತ್ಪರ್ಯ. ಇದು ಜೀವಿತ ಪ್ರಮಾಣಪತ್ರವಲ್ಲದೆ ಮತ್ತೇನು? ಅಂದು ಕಿಟಕಿಯ ಹೊರಗೆ ನಿಂತವರು ಬದುಕಿದ್ದಾರೆಂಬುದಕ್ಕೆ ನಾವು ಸಾಕ್ಷ್ಯ ಕೇಳುತ್ತಿದ್ದೆವು. ಸಾಕ್ಷ್ಯವಿಲ್ಲದೆ ಕುಳಿತವರು ಒಳಗಿದ್ದವರು. ಅವರ ಪ್ರಮಾಣ ವರ್ಷಕ್ಕೊಮ್ಮೆ ಸಾಕು; ನಮ್ಮದನ್ನು ದಿನವೂ ಕೊಡಬೇಕು, ಊಟಕ್ಕೆ ಐದು ನಿಮಿಷವಿರುವಾಗಲೂ ಕೊಡಬೇಕು.

ಕೊನೆಗೆ ಒಂದು ಲೌಕಿಕದ ಮಾತು. ಮನೆಯಲ್ಲಿ ಪಿಂಚಣಿಯ ಹಿರಿಯರಿದ್ದರೆ ನವೆಂಬರನ್ನು ಮರೆಯಬೇಡಿ. ಕೇಂದ್ರ ಸರ್ಕಾರದ ಪಿಂಚಣಿಯವರಲ್ಲಿ 80 ವರ್ಷ ತುಂಬಿದವರಿಗೆ ಅಕ್ಟೋಬರ್ ಮೊದಲ ತಾರೀಖಿನಿಂದಲೇ ಅವಕಾಶವುಂಟು. ಬೆರಳು ಒಪ್ಪದಿದ್ದರೆ ಗಾಬರಿ ಬೇಡ; 2021ರ ನವೆಂಬರಿನಿಂದ ಮೊಬೈಲ್ ಫೋನಿನಲ್ಲಿ ಮುಖ ತೋರಿಸಿಯೂ ಪ್ರಮಾಣ ಕೊಡಬಹುದಾಗಿದೆ, ಕಾಗದದ ನಮೂನೆಯಂತೂ ಇದ್ದೇ ಇದೆ. ಮಕ್ಕಳು ದೂರವಿರುವ ಹಿರಿಯರು ನಮ್ಮ ಸಂಘದಲ್ಲೂ ಇದ್ದಾರೆ. ಅವರ ಬಳಿ ಅರ್ಧ ಗಂಟೆ ಕುಳಿತು ನಮೂನೆ ತುಂಬಿಕೊಡಲು ದೊಡ್ಡ ವಿದ್ಯೆ ಬೇಕಿಲ್ಲ. ಕನ್ನಡದಲ್ಲಿ ಮಾತಾಡುತ್ತ ತುಂಬಿಕೊಡಿ. ಬರುವ ನವೆಂಬರಿನಲ್ಲಿ ಭಾನುವಾರ ಸಂಜೆಗಳಂದು ನಾವೂ ಪೆನ್ನು ಹಿಡಿದು ಸಂಘದ ಕೋಣೆಯಲ್ಲಿ ಕುಳಿತಿರುತ್ತೇವೆ. ‘ನಾಳೆ ಬನ್ನಿ’ ಎನ್ನುವುದಿಲ್ಲ.