ಚಿಕಿತ್ಸಾಗೃಹದಲ್ಲಿ ಹಾಡಿನ ಸ್ಥಾನ

ಚರಕಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯಕ್ಕೆ ‘ಉಪಕಲ್ಪನೀಯ’ವೆಂದು ಹೆಸರು. ವಮನ ವಿರೇಚನಾದಿ ಶೋಧನಚಿಕಿತ್ಸೆಗೆ ತೊಡಗುವ ಮುನ್ನ ವೈದ್ಯನು ಏನೇನನ್ನು ಅಣಿಗೊಳಿಸಿಕೊಳ್ಳಬೇಕೆಂಬುದು ಅಲ್ಲಿಯ ವಿಷಯ. ಮನೆ ಭದ್ರವಾಗಿರಬೇಕು, ಬಿರುಗಾಳಿ ನುಗ್ಗದೆ ಹಿತವಾಗಿ ಗಾಳಿಯಾಡುವಂತಿರಬೇಕು, ಹೊಗೆ, ಬಿಸಿಲು, ಧೂಳುಗಳ ಬಾಧೆ ಕೂಡದು, ನೀರು, ಒರಳು, ಒನಕೆ, ಬಚ್ಚಲು, ಅಡುಗೆಮನೆ ಇರಬೇಕು. ಸಾಧುಸ್ವಭಾವದ, ರೋಗವಿಲ್ಲದ, ಕರು ಬದುಕಿರುವ ಹಾಲೂಡುವ ಹಸುವನ್ನು ಕೂಡ ಆಚಾರ್ಯನು ಮರೆತಿಲ್ಲ. ಈ ಪಟ್ಟಿಯ ನಡುವೆಯೇ ಗೀತ, ವಾದ್ಯ, ಶ್ಲೋಕ, ಗಾಥೆ, ಆಖ್ಯಾಯಿಕೆ, ಇತಿಹಾಸ, ಪುರಾಣಗಳಲ್ಲಿ ಕುಶಲರಾದವರು ರೋಗಿಯ ಸಮೀಪದಲ್ಲಿರಬೇಕೆಂದು ವಿಧಿಸಲಾಗಿದೆ. ಅವರು ಬರಿಯ ಹಾಡುಗಾರರಾದರೆ ಸಾಲದು. ರೋಗಿಯ ಮನಸ್ಸನ್ನು ಅರಿತ ಅಭಿಪ್ರಾಯಜ್ಞರೂ ದೇಶಕಾಲಗಳನ್ನು ಬಲ್ಲವರೂ ಆಗಿರಬೇಕು.

ಇದು ಅರಸನಿಗೂ ಅರಸನಂತಹ ಧನಿಕನಿಗೂ ಹೇಳಿದ ಏರ್ಪಾಡೆಂಬುದನ್ನು ಸಂಹಿತೆಯೇ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ಎಲ್ಲರಿಗೂ ಎಲ್ಲ ಪರಿಕರಗಳು ಒದಗವು, ಆದರೆ ದಾರುಣರೋಗಗಳು ಬಡವರನ್ನೇನೂ ಬಿಡುವುದಿಲ್ಲ, ಆದುದರಿಂದ ಅವರು ದೊರೆತುದರಿಂದಲೇ ಚಿಕಿತ್ಸೆ ಮಾಡಿಕೊಳ್ಳಲಿ ಎಂಬ ಕರುಣೆಯ ಮಾತೂ ಅದೇ ಅಧ್ಯಾಯದ ಕೊನೆಗಿದೆ.

ಇಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಅಡಿಕೆ ತೋಟದ ನಡುವೆ ನಾಲ್ಕು ಕೋಣೆಗಳ ಆರೋಗ್ಯಧಾಮವನ್ನು ನಡೆಸಬೇಕೆಂದು ಹಂಬಲಿಸುವವರು ಈ ಅಧ್ಯಾಯವನ್ನು ಓದಿಕೊಳ್ಳುವುದು ಉಚಿತ. ಈ ಸೀಮೆಗೆ ಇಂತಹ ಕಾರ್ಯ ಹೊಸದಲ್ಲ. ಧರ್ಮಸ್ಥಳದ ಬಳಿ ನೇತ್ರಾವತಿಯ ತಡಿಯಲ್ಲಿ ಶಾಂತಿವನವಿದೆ; ಉಜಿರೆಯಲ್ಲಿ 1989ರಲ್ಲಿ ಪ್ರಕೃತಿಚಿಕಿತ್ಸೆ ಮತ್ತು ಯೋಗವಿಜ್ಞಾನದ ಮಹಾವಿದ್ಯಾಲಯವೇ ಆರಂಭವಾಯಿತು. ಇವು ದೊಡ್ಡ ಸಂಸ್ಥೆಗಳು. ಸಣ್ಣವರಿಗೆ ಹತ್ತಿರದ ಮಾದರಿ ಉರುಳಿ ಕಾಂಚನ. ಪುಣೆಯಂತಹ ನಗರದಲ್ಲಿ ಚಿಕಿತ್ಸಾಲಯ ನಡೆಸಿದರೆ ಹಳ್ಳಿಯ ಬಡವನು ಅಲ್ಲಿಗೆ ಬರಲಾರನೆಂದು ಕಂಡುಕೊಂಡ ಗಾಂಧೀಜಿ 1946ರ ಮಾರ್ಚಿನಲ್ಲಿ ಆ ಹಳ್ಳಿಗೇ ಹೋಗಿ ಕುಳಿತರು. ಮಣ್ಣಿನ ಪಟ್ಟಿ, ಕಟಿಸ್ನಾನ, ಹಣ್ಣಿನ ರಸಗಳ ಜೊತೆಗೆ ಅವರು ಕೊಟ್ಟ ಮತ್ತೊಂದು ಔಷಧ ರಾಮನಾಮ. ಭಜನೆ ಅವರ ದೃಷ್ಟಿಯಲ್ಲಿ ಚಿಕಿತ್ಸೆಯ ಅಲಂಕಾರವಾಗಿರಲಿಲ್ಲ, ಅಂಗವೇ ಆಗಿತ್ತು.

ಈಗ ಹೊಸದಾಗಿ ಕಟ್ಟುವವರು ಚರಕನ ಪಟ್ಟಿಯಿಂದ ಮನೆ, ಗಾಳಿ, ಎಣ್ಣೆ, ಬಿಸಿನೀರುಗಳನ್ನು ಚಾಚೂ ತಪ್ಪದೆ ತೆಗೆದುಕೊಳ್ಳುತ್ತಾರೆ. ಹಾಡು ಕಥೆಗಳನ್ನು ಬಿಡುತ್ತಾರೆ. ಅಥವಾ ಗೋಡೆಗೆ ಧ್ವನಿವರ್ಧಕವನ್ನು ಸಿಕ್ಕಿಸಿ ಎಲ್ಲಿಯದೋ ಕೊಳಲಿನ ನಾದವನ್ನು ದಿನವಿಡೀ ಹರಿಯಬಿಡುತ್ತಾರೆ. ಆ ಯಂತ್ರ ಅಭಿಪ್ರಾಯಜ್ಞವೂ ಅಲ್ಲ, ದೇಶಕಾಲಗಳನ್ನು ಬಲ್ಲುದೂ ಅಲ್ಲ. ಚರಕನ ದೀರ್ಘಪಟ್ಟಿಯಲ್ಲಿ ತುಳುನಾಡಿನ ಬಡವನ ಬಳಿ ಹಣವಿಲ್ಲದೆಯೇ ಇದ್ದ ವಸ್ತುವೆಂದರೆ ಹಾಡು ಮತ್ತು ಕಥೆ. ಅದನ್ನೇ ಮೊದಲು ಕೈಬಿಡುವುದು ವಿಪರ್ಯಾಸವೆನ್ನದೆ ವಿಧಿಯಿಲ್ಲ.

ಆಟಿ ತಿಂಗಳನ್ನೇ ನೋಡಬಹುದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ಮಳೆಯ ತಿಂಗಳು ಹಿಂದೆ ಕೃಷಿಕನಿಗೆ ಬಿಡುವಿನ ಕಾಲ, ಉಣ್ಣಲು ಕೊರತೆಯ ಕಾಲ, ಕಾಯಿಲೆಯ ಕಾಲವೂ ಹೌದು. ವರ್ಷಾಋತುವಿನಲ್ಲಿ ಜಠರಾಗ್ನಿ ಮಂದವಾಗಿ ವಾತವು ಪ್ರಕೋಪಗೊಳ್ಳುವುದೆಂದು ಶಾಸ್ತ್ರ ಹೇಳುವುದನ್ನು ಶಾಸ್ತ್ರವರಿಯದ ಒಕ್ಕಲಿನವನು ತನ್ನದೇ ರೀತಿಯಲ್ಲಿ ಅರಿತಿದ್ದನು. ಆಟಿ ಅಮಾವಾಸ್ಯೆಯಂದು ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು, ಕಬ್ಬಿಣ ಸೋಕಿಸದೆ, ಕಲ್ಲಿನಿಂದ ಜಜ್ಜಿ ತಂದು, ಮೆಣಸು, ಬೆಳ್ಳುಳ್ಳಿ, ಓಮಗಳೊಡನೆ ಅರೆದು ಆ ಕಹಿರಸವನ್ನು ಮನೆಮಂದಿಯೆಲ್ಲ ಕುಡಿಯುತ್ತಾರೆ. ಅದರ ಉಷ್ಣಕ್ಕೆ ಮೆಂತೆಯ ಗಂಜಿ ಉಪಶಮನ. ಮದ್ದಿನ ತಿಂಗಳಾದ ಇದೇ ಆಟಿಯಲ್ಲಿ ತಾಳೆಗರಿಯ ಕೊಡೆ ಹಿಡಿದ ಕಳೆಂಜನು ಮನೆಮನೆಯ ಅಂಗಳದಲ್ಲಿ ಕುಣಿದು ಮಾರಿಯನ್ನು ಕಳೆಯುತ್ತಾನೆ. ಚಾವಡಿಯಲ್ಲಿ ಚೆನ್ನೆಮಣೆ ಹೊರಬರುತ್ತದೆ. ಮೇಳಗಳ ತಿರುಗಾಟ ನಿಂತು ಆಟವಿಲ್ಲದ ಈ ದಿನಗಳಲ್ಲಿ ತಾಳಮದ್ದಳೆಯ ಅರ್ಥಧಾರಿಗಳು ವೇಷವಿಲ್ಲದೆ, ಕುಣಿತವಿಲ್ಲದೆ, ಬರಿಯ ಮಾತಿನಿಂದ ಕೃಷ್ಣನನ್ನೂ ಕರ್ಣನನ್ನೂ ಕಡೆದು ನಿಲ್ಲಿಸುತ್ತಾರೆ. ಪಥ್ಯ, ವಿಶ್ರಾಂತಿ, ಔಷಧ, ಕಲೆ ಎಂದು ಬೇರೆಬೇರೆ ವಿಭಾಗಗಳು ಅಲ್ಲಿರಲಿಲ್ಲ. ಒಂದು ಇಡೀ ತಿಂಗಳೇ ಆರೋಗ್ಯಧಾಮವಾಗಿತ್ತು.

ಹಾಲೆಯ ಕಷಾಯ ಇಂದಿಗೂ ಉಳಿದಿದೆ. ಚೆನ್ನೆಮಣೆಯಂತಹ ವಸ್ತುಗಳನ್ನು ನೋಡಬೇಕಾದರೆ ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದವರು ಶ್ರಮದಿಂದ ಕೂಡಿಸಿದ ವಸ್ತುಸಂಗ್ರಹಾಲಯದ ಕಡೆಗೆ ಮುಖಮಾಡುವ ಕಾಲ ಬಂದಿದೆ.

ಇಲ್ಲಿಯ ರೋಗಿ ಯಾರೆಂಬುದನ್ನೂ ಯೋಚಿಸಬೇಕು. ಮಡಿಲಲ್ಲಿ ಮೊರವಿಟ್ಟುಕೊಂಡು ಬೆನ್ನು ಬಾಗಿಸಿ ಬೀಡಿ ಕಟ್ಟಿದ ಹೆಂಗಸು. ಕೊಳೆರೋಗಕ್ಕೆ ಮದ್ದು ಬಿಡಲು ಜಾರುವ ಅಡಿಕೆ ಮರವೇರಿ ಸೊಂಟ ಕಳೆದುಕೊಂಡ ಗಂಡಸು. ಆಕೆಯ ತಾಯಿ ಗದ್ದೆಯಲ್ಲಿ ನೇಜಿ ನೆಡುತ್ತ ಪಾಡ್ದನ ಹಾಡಿದವಳು. ಗದ್ದೆಗಳು ತೋಟಗಳಾದವು, ಹಾಡಿಗೆ ನೆಲವಿಲ್ಲವಾಯಿತು. ಅಂತಹವಳು ಹತ್ತು ದಿನ ಎಣ್ಣೆ ತಿಕ್ಕಿಸಿಕೊಂಡು ಮಲಗಿದರೆ ಬೆನ್ನುನೋವು ತಗ್ಗೀತು. ಆದರೆ ಸಂಜೆ ಜಗಲಿಯಲ್ಲಿ ನಾಲ್ವರ ನಡುವೆ ಕುಳಿತು ಮರೆತ ಪಾಡ್ದನದ ಸೊಲ್ಲುಗಳನ್ನು ಒಂದೊಂದಾಗಿ ನೆನೆದು ತಾನೇ ಹಾಡಿದರೆ, ಆಕೆ ಸೇವೆ ಪಡೆಯುವವಳಷ್ಟೇ ಆಗಿ ಉಳಿಯದೆ ಕೊಡುವವಳೂ ಆಗುತ್ತಾಳೆ. ರೋಗಿಗೆ ಕಲೆಯನ್ನು ಕೇಳಿಸುವುದಕ್ಕಿಂತ ರೋಗಿಯಿಂದ ಕಲೆಯನ್ನು ಹೊರಡಿಸುವುದು ಮೇಲು.

ಧಾಮವನ್ನು ನಡೆಸುವವನ ಗತಿಯೇನು? ಕವಿತೆ ಬರೆಯುವೆನು, ಚಿತ್ರ ಬಿಡಿಸುವೆನು ಎಂದು ಹಳ್ಳಿಗೆ ಬಂದವನು ಎರಡು ವರ್ಷಗಳಲ್ಲಿ ಲೆಕ್ಕಪುಸ್ತಕದ ಗುಮಾಸ್ತನಾಗುವುದುಂಟು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ನೋಂದಣಿ ಆಗಬೇಕು, ಅರ್ಹ ವೈದ್ಯರಿರಬೇಕು. ಇಲಿಜ್ವರ, ಡೆಂಗೆ, ಹಾವಿನ ಕಡಿತಗಳನ್ನು ಗುರುತಿಸಿ ಒಡನೆ ಆಸ್ಪತ್ರೆಗೆ ಸಾಗಿಸುವ ವಿವೇಕ ಬೇಕು. ಇದರಲ್ಲಿ ರಿಯಾಯಿತಿಯಿಲ್ಲ. ಆದರೆ ಕೋಣೆಗಳು ನಾಲ್ಕರಿಂದ ನಲವತ್ತಾಗಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಮೂಡುಬಿದಿರೆಯಲ್ಲಿ ಆಯುರ್ವೇದ ವೈದ್ಯರಾದ ಡಾ. ಎಂ. ಮೋಹನ ಆಳ್ವರು ವಿದ್ಯಾಸಂಸ್ಥೆಗಳ ಜೊತೆಗೆ ವಿರಾಸತ್, ನುಡಿಸಿರಿಗಳಂತಹ ಬೃಹದುತ್ಸವಗಳನ್ನು ನಡೆಸಿ ತೋರಿಸಿದರು; ಆ ಶಕ್ತಿ ಎಲ್ಲರಿಗೂ ಬಾರದು, ಬರಬೇಕಾಗಿಯೂ ಇಲ್ಲ. 12ನೆಯ ಶತಮಾನದ ವೈದ್ಯ ಸಂಗಣ್ಣನವರು ವೈದ್ಯವನ್ನು ಬಿಟ್ಟು ವಚನಕ್ಕೆ ಬಿಡುವು ಹುಡುಕಿದವರಲ್ಲ. ರೋಗ, ಔಷಧಗಳ ಪರಿಭಾಷೆಯೇ ಅವರ ವಚನಗಳ ಪರಿಭಾಷೆಯಾಯಿತು. ಕಾಯಕದೊಳಗಿನಿಂದಲೇ ಹುಟ್ಟುವ ಇಂತಹ ಸೃಷ್ಟಿಗೆ ರೋಗಿಯ ಮಾತನ್ನು ಕೇಳುವಷ್ಟು ಸಮಯವಾದರೂ ಉಳಿದಿರಬೇಕು. ನಲವತ್ತು ಕೋಣೆಗಳಾದರೆ ಅದು ಉಳಿಯದು.

ದಾನಿಗಳಿಗೂ ಇಲ್ಲಿ ಒಂದು ಮಾತಿದೆ. ಕಟ್ಟಡಕ್ಕೆ ಕೊಟ್ಟರೆ ಗೋಡೆಯಲ್ಲಿ ಹೆಸರಿನ ಶಿಲೆ ಸಿಗುತ್ತದೆ. ಒಬ್ಬ ಭಾಗವತನಿಗೆ, ಪಾಡ್ದನ ಬಲ್ಲ ಒಬ್ಬ ಅಜ್ಜಿಗೆ ಒಂದು ಆಟಿಯ ಸಂಭಾವನೆ ಕೊಟ್ಟರೆ ಶಿಲೆಯೇನೂ ಸಿಗದು. ಅದಕ್ಕೇ ಏನೋ, ಹಾಗೆ ಕೊಡುವವರು ವಿರಳ.

ಬೆಳ್ತಂಗಡಿ ತಾಲೂಕಿನಲ್ಲೇ ಇರುವ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಕಡೆಗೆ ಈ ವಿಚಾರ ಕೊನೆಗೂ ತಿರುಗಲೇಬೇಕು. ಅಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನನ್ನು ಸುರಿಯಲಾಯಿತು. ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಲ್ಲೇ ನಿಷೇಧಿಸಿದ್ದು 2011ರಲ್ಲಿ. ಸಂತ್ರಸ್ತರೆಂದು ಸರಕಾರ ಗುರುತಿಸಿದವರಿಗೆ ಮಾಸಾಶನ ಬಂತು, ಕೊಕ್ಕಡದಲ್ಲಿ ಪಾಲನಾಕೇಂದ್ರವೂ ಏರ್ಪಟ್ಟಿತು. ಆದರೆ ಹಾಸಿಗೆ ಹಿಡಿದ ಮಕ್ಕಳನ್ನು ಅವರು ಬೆಳೆದು ದೊಡ್ಡವರಾದ ಮೇಲೆಯೂ ಎತ್ತಿ ಮಲಗಿಸಿ ಸೊಂಟ ಸೋತ ತಾಯಂದಿರಿಗೆ ಯಾವ ಧಾಮದಲ್ಲಿ ಕೋಣೆಯಿದೆ? ಅಂತಹ ತಾಯಿಗೆ ಹತ್ತು ದಿನಗಳ ವಿಶ್ರಾಂತಿ ದೊರೆಯಬೇಕಾದರೆ, ಆ ಹತ್ತು ದಿನ ಮಗುವನ್ನು ನೋಡಿಕೊಳ್ಳುವವರು ಯಾರೆಂಬುದು ಮೊದಲು ಇತ್ಯರ್ಥವಾಗಬೇಕು. ಆದುದರಿಂದ ನಾಲ್ಕು ಕೋಣೆಗಳಲ್ಲಿ ಒಂದರಲ್ಲಾದರೂ ಎರಡು ಮಂಚಗಳನ್ನು ಹಾಕಿ, ಮಗುವಿನ ಬಳಿ ಒಬ್ಬ ಉಪಚಾರಕಿಯನ್ನು ನಿಲ್ಲಿಸಿ, ಸಂಜೆಯ ಹಾಡು ಜಗಲಿಯಿಂದ ಆ ಕೋಣೆಯೊಳಕ್ಕೂ ಕೇಳುವಂತೆ ಕಿಟಕಿಯನ್ನು ಇಡಿಸಬೇಕಾಗಿದೆ.