ಚಿತ್ರಶಾಲೆಯ ನಡಿಗೆ ಮತ್ತು ಕನ್ನಡ ವಿಭಾಗಗಳು

ತಿಂಗಳಿಗೊಂದು ಸಂಜೆ ಚಿತ್ರಶಾಲೆಯಿಂದ ಚಿತ್ರಶಾಲೆಗೆ ನಡೆಯುತ್ತ ಕೃತಿಗಳನ್ನು ನೋಡುವ ಪದ್ಧತಿ ಹೊರದೇಶಗಳ ಹಲವು ನಗರಗಳಲ್ಲಿದೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆ ಇದಕ್ಕೆ ಸಮೀಪದ್ದು. ಇಟ್ಟಮಡುವಿನಂತಹ ದೂರದ ಬಡಾವಣೆಯವರೂ ಅಲ್ಲಿ ಸಂಕೋಚವಿಲ್ಲದೆ ಚಿತ್ರದ ಮುಂದೆ ನಿಲ್ಲಬಲ್ಲರು. ಆದರೆ ಸಂತೆಯಲ್ಲಿ ಬೆಲೆಯ ಮಾತಿಗಿರುವ ಅವಕಾಶ ಕೃತಿಯ ಮಾತಿಗಿಲ್ಲ.

ಆ ಮಾತಿಗೆ ಬೇಕಾದ ಪರಿಭಾಷೆ ಈ ನೆಲಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಕನ್ನಡಿಯ ಬಿಂಬದಂತಿರುವ ವಿದ್ಧಚಿತ್ರವನ್ನು ಅವಿದ್ಧಚಿತ್ರದಿಂದ ಬೇರ್ಪಡಿಸಿ ಹೇಳಿತು. ಶಿವರಾಮ ಕಾರಂತರು ಚಿತ್ರಕಲೆಯನ್ನು ಕನ್ನಡದಲ್ಲೇ ವಿವೇಚಿಸಿದರು. ಕಾವ್ಯಮೀಮಾಂಸೆಗೆ ಕೊಟ್ಟ ಗಮನವನ್ನು ನಮ್ಮ ವಿಭಾಗಗಳು ಈ ಪರಂಪರೆಗೆ ಕೊಟ್ಟಿಲ್ಲ. ಫಲವಾಗಿ, ಕೆ. ವೆಂಕಟಪ್ಪನವರ ಜಲವರ್ಣದ ಭೂದೃಶ್ಯದ ಮುಂದೆ ನಿಂತ ನಮ್ಮ ವಿದ್ಯಾರ್ಥಿಗೆ ‘ಚೆನ್ನಾಗಿದೆ’ ಎಂಬುದರಾಚೆ ಮಾತು ಸಿಗುವುದು ಕಷ್ಟ.

ಕಸ್ತೂರಬಾ ರಸ್ತೆಯೊಂದರಲ್ಲೇ ವೆಂಕಟಪ್ಪ ಚಿತ್ರಶಾಲೆಯೂ 2023ರಲ್ಲಿ ತೆರೆದ ‘ಮ್ಯಾಪ್’ ಕಲಾ ಸಂಗ್ರಹಾಲಯವೂ ಇವೆ. ಅರಮನೆ ರಸ್ತೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ತಿಂಗಳಿಗೊಮ್ಮೆ ಸ್ನಾತಕೋತ್ತರ ವಿದ್ಯಾರ್ಥಿಗಳೊಡನೆ ಇಂತಹ ಒಂದೆಡೆಗೆ ಹೋಗಿ, ಒಂದೇ ಕೃತಿಯನ್ನು ಕನ್ನಡದಲ್ಲಿ ಚರ್ಚಿಸಿ ಬರೆದಿಡುವುದು ಅಧ್ಯಾಪಕರಿಗೆ ಅಸಾಧ್ಯವೇನಲ್ಲ. ಬಳಸದ ಪರಿಭಾಷೆ ಕೋಶದಲ್ಲಿ ಉಳಿದೀತು, ನಾಲಗೆಯಲ್ಲಿ ಉಳಿಯದು.