ಮೇಷ್ಟ್ರ ಮಾತಿನ ಬೆಲೆ



ತುಮಕೂರಿನ ಬ್ಯಾಂಕೊಂದು ನನಗೆ ಕ್ಯಾಶ್‌ಬ್ಯಾಕ್ ಕಾರ್ಡು ನೀಡಿ, ನಾನು ಪರಿಚಯಿಸುವ ಪ್ರತಿ ಗ್ರಾಹಕರಿಗೂ 500 ರೂಪಾಯಿ ಕೊಡುವುದಾಗಿ ಬರೆದಿತ್ತು. ಗುಬ್ಬಿಯ ನನ್ನ ಷಡ್ಡಕರೂ ಕುಣಿಗಲ್ಲಿನ ಹಳೆಯ ಶಿಷ್ಯನೂ ‘ಮೇಷ್ಟ್ರು ಹೇಳಿದ್ದಾರೆ’ ಎಂದೇ ಕಾರ್ಡು ಪಡೆದರು. ಹಣ ಬರಲಿಲ್ಲ. ಮೊದಲ ತಿಂಗಳು ಅವರು ಇಂತಿಷ್ಟು ಖರ್ಚು ಮಾಡಬೇಕಿತ್ತಂತೆ. ಪೆಟ್ರೋಲಿನ ಖರ್ಚು ಲೆಕ್ಕಕ್ಕಿಲ್ಲವಂತೆ. ನನಗೆ ಬಂದ ಪತ್ರದಲ್ಲಿ ಈ ಷರತ್ತು ಇರಲೇ ಇಲ್ಲ.

ಸಾವಿರ ರೂಪಾಯಿ ದೊಡ್ಡದಲ್ಲ. ಬ್ಯಾಂಕು ಬಳಸಿಕೊಂಡದ್ದು ನಾನು ಪಾಠ ಹೇಳಿ ಗಳಿಸಿದ ನಂಬಿಕೆಯನ್ನು. ಜಾಹೀರಾತಿಗೆ ಹಣ ತೆರುವವರು ಇದನ್ನು ಪುಕ್ಕಟೆ ಪಡೆಯುವುದು ಯಾವ ನ್ಯಾಯ?

ರಿಸರ್ವ್ ಬ್ಯಾಂಕು 2021ರಲ್ಲಿ ಏಕೀಕೃತ ಓಂಬುಡ್ಸ್‌ಮನ್ ವ್ಯವಸ್ಥೆಯನ್ನು ತಂದಿತು. ಲಿಖಿತ ದೂರಿಗೆ ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ನಾನು ಬ್ಯಾಂಕಿಗೆ ಬರೆದಿದ್ದೇನೆ, ದಿನ ಎಣಿಸುತ್ತಿದ್ದೇನೆ. ಮೋಸಹೋದವರು ನೀವೂ ಬರೆಯಿರಿ.